ಹಬಲ್‌ನ ವಾರಕ್ಕೊಂದು ವೇಳಾಪಟ್ಟಿ

ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಒಂದು ಸಂಸ್ಥೆಯಲ್ಲಿ ವಾರಕ್ಕೊಂದು ವೇಳಾಪಟ್ಟಿ ತಯಾರಾಗುತ್ತದೆ. ಸೋಮವಾರ ಶುರುವಾಗಿ ಭಾನುವಾರ ಮುಗಿಯುವ ಏಳು ದಿನಗಳ ಲೆಕ್ಕ ಅದು. ಯಾವ ಕ್ಷಣಕ್ಕೆ ಹಬಲ್ ದೂರದರ್ಶಕ ಎತ್ತ ತಿರುಗಬೇಕು, ಯಾವ ನಕ್ಷತ್ರಗಳನ್ನು ಆಧಾರವಾಗಿ ಹಿಡಿದು ಅಲುಗದೆ ನಿಲ್ಲಬೇಕು, ಯಾವ ಕ್ಯಾಮೆರಾಕ್ಕೆ ಯಾವ ಫಿಲ್ಟರ್ ಬರಬೇಕು, ಎಷ್ಟು ಸೆಕೆಂಡು ಬೆಳಕು ಹಿಡಿಯಬೇಕು, ಹಿಡಿದದ್ದನ್ನು ಯಾವಾಗ ಭೂಮಿಗೆ ರವಾನಿಸಬೇಕು, ಎಲ್ಲವೂ ಅದರಲ್ಲಿ ಮೊದಲೇ ನಮೂದಾಗಿರುತ್ತದೆ. ಹದ್ದು ನೀಹಾರಿಕೆಯ ಧೂಳಿನ ಕಂಬಗಳ ಚಿತ್ರ ಶಾಲಾ ಪುಸ್ತಕ, ಕ್ಯಾಲೆಂಡರ್, ಮೊಬೈಲ್ ಪರದೆಗಳವರೆಗೂ ಬಂದಿದೆಯಲ್ಲ, ಅದು ಚಿತ್ರವಾಗುವ ಮೊದಲು, 1995ರ ಏಪ್ರಿಲ್ 1ರ ತಾರೀಖಿನಲ್ಲಿ, ಇಂಥದೇ ಒಂದು ಪಟ್ಟಿಯ ಕೆಲವು ಸಾಲುಗಳಾಗಿತ್ತು.

ಚಿತ್ರಗಳು ಮನೆಮಾತಾದವು. ಪಟ್ಟಿ ಹಾಕಿದವರ ಹೆಸರು ಯಾರಿಗೂ ನೆನಪಿಲ್ಲ. ಅವರಲ್ಲಿ ಒಬ್ಬರು ರೋಜರ್ ಡಾಕ್ಸಿ. 1981ರಿಂದ 2009ರವರೆಗೆ, ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಒಂದೇ ದೂರದರ್ಶಕವನ್ನು ನಡೆಸುವ ಕೆಲಸಕ್ಕೆ ಕೊಟ್ಟ ಖಗೋಳ ವಿಜ್ಞಾನಿ. ದೂರದರ್ಶಕ ಕಟ್ಟಿದವರ ಕಥೆಯನ್ನೂ ಅದರಿಂದ ಕಂಡವರ ಕಥೆಯನ್ನೂ ನಾವು ಎಷ್ಟೋ ಬಾರಿ ಓದಿದ್ದೇವೆ. ಇವೆರಡರ ನಡುವೆ ದಿನನಿತ್ಯ ಅದನ್ನು ನಡೆಸಿದವರ ಕೆಲಸವೂ ಅಷ್ಟೇ ದೊಡ್ಡ ವಿಜ್ಞಾನ ಎಂಬುದು ಈ ಲೇಖಕನ ಗಟ್ಟಿ ನಂಬಿಕೆ. ಡಾಕ್ಸಿಯವರ ದಾರಿ ಹಿಡಿದು ಹೊರಟರೆ ಅದು ತಾನಾಗಿ ಕಾಣುತ್ತದೆ.

ಡಾಕ್ಸಿ ಹುಟ್ಟಿದ್ದು 1947ರಲ್ಲಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ. ಓದಿದ್ದು ಬಾಸ್ಟನ್ ಮಗ್ಗುಲಿನ ಎಂಐಟಿಯಲ್ಲಿ, ಭೌತವಿಜ್ಞಾನದ ಪಿಎಚ್.ಡಿ. ಮುಗಿದದ್ದೂ ಅಲ್ಲೇ. ಆಗ ಎಂಐಟಿಯ ಬಾಹ್ಯಾಕಾಶ ಗುಂಪಿನಲ್ಲಿ ಎಲ್ಲರ ಗಮನ ಕ್ಷ-ಕಿರಣಗಳ ಕಡೆಗಿತ್ತು. ಕ್ಷ-ಕಿರಣ ವಾಯುಮಂಡಲವನ್ನು ದಾಟಿ ನೆಲಕ್ಕೆ ಬರುವುದಿಲ್ಲ, ಹಾಗಾಗಿ ಅದನ್ನು ನೋಡಬೇಕಾದರೆ ಉಪಗ್ರಹವೇ ಬೇಕು. 1975ರ ಮೇ ತಿಂಗಳಲ್ಲಿ ಕೆನ್ಯಾ ಕರಾವಳಿಯ ಸಮುದ್ರದೊಳಗಿನ ಉಡಾವಣಾ ವೇದಿಕೆಯಿಂದ ಸ್ಯಾಸ್-3 ಎಂಬ ಪುಟ್ಟ ಉಪಗ್ರಹ ಮೇಲೇರಿತು. ಆಕಾಶದಲ್ಲಿ ಕ್ಷ-ಕಿರಣ ಸೂಸುವ ಕಾಯಗಳು ಎಲ್ಲೆಲ್ಲಿವೆ ಎಂಬುದನ್ನು ನಿಖರವಾಗಿ ಗುರುತಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಸ್ಥಾನ ಸರಿಯಾಗಿ ಸಿಕ್ಕರೆ ಮಾತ್ರ ನೆಲದ ದೂರದರ್ಶಕದಲ್ಲಿ ಅದೇ ಜಾಗ ನೋಡಿ, ಕ್ಷ-ಕಿರಣ ಬರುತ್ತಿರುವುದು ಯಾವ ನಕ್ಷತ್ರದಿಂದ ಎಂದು ಹೇಳಬಹುದು. ಡಾಕ್ಸಿ ಈ ಸ್ಥಾನ ನಿರ್ಣಯದಲ್ಲಿ ಪಳಗಿದರು. 1976ರಲ್ಲಿ ಆ ಗುಂಪು ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಬಿಡುವಿಲ್ಲದೆ ಮತ್ತೆ ಮತ್ತೆ ಸಿಡಿಯುವ ಕ್ಷ-ಕಿರಣ ಮೂಲವೊಂದನ್ನು ಪತ್ತೆಹಚ್ಚಿತು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಡಾಕ್ಸಿ ಇದ್ದಾರೆ, ಜೆಫ್ರಿ ಹಾಫ್‌ಮನ್ ಕೂಡ ಇದ್ದಾರೆ. ಹಾಫ್‌ಮನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಪುಟ್ಟ ಉಪಗ್ರಹದ ಜೊತೆ ಕೆಲಸ ಮಾಡುವವನಿಗೆ ಒಂದು ಲಾಭವಿದೆ. ವಿಜ್ಞಾನ ಯಾವುದು, ಯಂತ್ರ ಯಾವುದು ಎಂದು ಬೇರೆ ಮಾಡಿ ನೋಡಲು ಅಲ್ಲಿ ಆಗುವುದಿಲ್ಲ. ಉಪಗ್ರಹ ಈಗ ಎತ್ತ ಮುಖ ಮಾಡಿದೆ ಎಂಬ ಲೆಕ್ಕ ಒಂದಿಷ್ಟು ತಪ್ಪಿದರೂ ನಕ್ಷತ್ರದ ಸ್ಥಾನ ತಪ್ಪುತ್ತದೆ. ಈ ಅಭ್ಯಾಸವನ್ನೇ ಹೊತ್ತುಕೊಂಡು 1981ರಲ್ಲಿ ಡಾಕ್ಸಿ ಬಾಲ್ಟಿಮೋರ್‌ಗೆ ಬಂದರು. ಆಗಷ್ಟೇ ಅಲ್ಲಿ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ತೆರೆದಿತ್ತು. ನಿರ್ದೇಶಕರು ರಿಕಾರ್ಡೊ ಜಿಯಕೋನಿ, ಕ್ಷ-ಕಿರಣ ಖಗೋಳ ವಿಜ್ಞಾನದ ದಾರಿ ತೆರೆದವರು, 2002ರಲ್ಲಿ ನೊಬೆಲ್ ಪಡೆದವರು. ದೂರದರ್ಶಕವನ್ನು ಬಳಸುವ ವಿಜ್ಞಾನಿಗಳ ಕೈಯಲ್ಲೇ ಅದರ ದಿನಚರಿಯೂ ಇರಬೇಕು ಎಂಬುದು ಈ ಸಂಸ್ಥೆ ಹುಟ್ಟಿಕೊಂಡ ಕಾರಣ. ಯಂತ್ರದ ಆರೋಗ್ಯ, ಆದೇಶಗಳ ರವಾನೆ ಗ್ರೀನ್‌ಬೆಲ್ಟ್‌ನಲ್ಲಿರುವ ನಾಸಾದ ಗೊಡಾರ್ಡ್ ಕೇಂದ್ರಕ್ಕೆ. ಏನನ್ನು, ಯಾವಾಗ, ಹೇಗೆ ನೋಡಬೇಕೆಂಬ ತೀರ್ಮಾನ ಬಾಲ್ಟಿಮೋರ್‌ಗೆ.

ವೇಳಾಪಟ್ಟಿ ಎಂದರೆ ಅಷ್ಟೇನು ಕಷ್ಟ ಎಂದು ಕೇಳಬಹುದು. ಇದಕ್ಕೆ ಉತ್ತರ ಹಬಲ್‌ಗಿಂತ ಹಿಂದೆ ಹೋದ ಇನ್ನೊಂದು ದೂರದರ್ಶಕದಲ್ಲಿದೆ. 1978ರ ಜನವರಿಯಲ್ಲಿ ಹಾರಿದ ಅಂತರರಾಷ್ಟ್ರೀಯ ನೇರಳಾತೀತ ದೂರದರ್ಶಕದ ಕನ್ನಡಿ ಕೇವಲ 45 ಸೆಂಟಿಮೀಟರ್. ಆದರೆ ಅದರ ಕಕ್ಷೆ ಭೂಮಿಯ ತಿರುಗುವಿಕೆಗೆ ಹೊಂದುವಷ್ಟು ಎತ್ತರದಲ್ಲಿತ್ತು. ಅಮೆರಿಕದ ನಿಯಂತ್ರಣ ಕೊಠಡಿಯ ಕಣ್ಣಿನಿಂದ ಅದು ಎಂದೂ ಮರೆಯಾಗುತ್ತಿರಲಿಲ್ಲ. ದಿನಕ್ಕೆ 16 ಗಂಟೆ ಗ್ರೀನ್‌ಬೆಲ್ಟ್‌ನಿಂದ, 8 ಗಂಟೆ ಮ್ಯಾಡ್ರಿಡ್ ಬಳಿಯ ವಿಲ್ಲಾಫ್ರಾಂಕಾದಿಂದ ಅದನ್ನು ನಡೆಸುತ್ತಿದ್ದರು. ಖಗೋಳ ವಿಜ್ಞಾನಿ ಬಂದು ಆಪರೇಟರ್ ಪಕ್ಕದಲ್ಲಿ ಕೂತು, ಪರದೆ ನೋಡಿ, ‘ಇದು ಸಾಕು, ಮುಂದಿನದಕ್ಕೆ ಹೋಗೋಣ’ ಎಂದರೆ ದೂರದರ್ಶಕ ತಿರುಗುತ್ತಿತ್ತು. 1987ರ ಫೆಬ್ರವರಿಯಲ್ಲಿ ಪಕ್ಕದ ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಸಿಡಿದಾಗ ಸುದ್ದಿ ಬಂದ ಕೆಲವೇ ಗಂಟೆಗಳಲ್ಲಿ ಅದು ಅತ್ತ ಮುಖ ಮಾಡಿತು. 1996ರವರೆಗೆ ಬಾಳಿ ಲಕ್ಷಕ್ಕೂ ಹೆಚ್ಚು ರೋಹಿತಗಳನ್ನು ಕೊಟ್ಟಿತು.

ಹಬಲ್‌ಗೆ ಆ ಭಾಗ್ಯವಿರಲಿಲ್ಲ. ಷಟಲ್ ನೌಕೆ ಅದನ್ನು ಹೊತ್ತೊಯ್ಯಬೇಕು, ಗಗನಯಾತ್ರಿಗಳು ಆಗಾಗ ಹೋಗಿ ದುರಸ್ತಿ ಮಾಡಬೇಕು. ಹಾಗಾಗಿ ಸುಮಾರು 600 ಕಿಲೋಮೀಟರ್ ಎತ್ತರದ ಕೆಳಕಕ್ಷೆಯೇ ಗತಿ. ಅಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 95 ನಿಮಿಷ. ಎದುರಿಗೆ ಅಷ್ಟು ದೊಡ್ಡ ಭೂಮಿ ಇರುವುದರಿಂದ, ನೋಡುತ್ತಿರುವ ನಕ್ಷತ್ರ ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅರ್ಧ ಹೊತ್ತು ಮರೆಯಾಗುತ್ತದೆ. ಸೂರ್ಯನ ಹತ್ತಿರಕ್ಕೆ ಮುಖ ತಿರುಗಿಸುವಂತಿಲ್ಲ. ದಕ್ಷಿಣ ಅಟ್ಲಾಂಟಿಕ್ ಮೇಲೆ, ಬ್ರೆಜಿಲ್ ಕಡೆ, ವಿದ್ಯುದಾವೇಶದ ಕಣಗಳು ಕೆಳಕ್ಕೆ ಇಳಿದು ದಟ್ಟವಾಗಿರುವ ಪ್ರದೇಶವೊಂದಿದೆ. ದಿನದ ಎಷ್ಟೋ ಸುತ್ತುಗಳಲ್ಲಿ ಅದನ್ನು ಹಾಯಬೇಕು, ಹಾಯುವಾಗ ಉಪಕರಣಗಳು ಸುಮ್ಮನಿರಬೇಕು. ದೂರದರ್ಶಕ ತಿರುಗುವುದೂ ನಿಧಾನ, 90 ಡಿಗ್ರಿಗೆ ಕಾಲು ಗಂಟೆ ಬೇಕು. ಮೇಲಿರುವ ಸಂಪರ್ಕ ಉಪಗ್ರಹಗಳ ಸಮಯವನ್ನು ಇತರರ ಜೊತೆ ಹಂಚಿಕೊಳ್ಳಬೇಕು.

ಇದೆಲ್ಲಕ್ಕೂ ಮೇಲೆ ಇನ್ನೊಂದು ತೊಡಕು. ಆ ಎತ್ತರದಲ್ಲೂ ಗಾಳಿಯ ಒಂದು ತೆಳು ಅಂಶ ಇದೆ, ಅದು ಹಬಲ್‌ನ ವೇಗಕ್ಕೆ ಸದಾ ತುಸು ಅಡ್ಡ ಬರುತ್ತದೆ. ಸೂರ್ಯ ಕೆರಳಿದಾಗ ವಾಯುಮಂಡಲ ಉಬ್ಬಿ ಅಡ್ಡಿ ಹೆಚ್ಚುತ್ತದೆ. ಹಾಗಾಗಿ ಆರೇಳು ವಾರಗಳ ನಂತರ ಹಬಲ್ ತನ್ನ ಕಕ್ಷೆಯಲ್ಲಿ ಎಲ್ಲಿರುತ್ತದೆ ಎಂದು ಇಂದು ಹೇಳಹೊರಟರೆ ಸಾವಿರಾರು ಕಿಲೋಮೀಟರ್ ತಪ್ಪಬಹುದು. ವರ್ಷದ ಯೋಜನೆಯನ್ನು ಸ್ಥೂಲವಾಗಿ ಮೊದಲೇ ಹಾಕಬಹುದು, ಸೆಕೆಂಡಿನ ಲೆಕ್ಕ ಮಾತ್ರ ಕೊನೆಯ ಕೆಲವು ದಿನಗಳಲ್ಲೇ ಆಗಬೇಕು. ಹೀಗೆ ಎರಡು ಹಂತದ ಯೋಜನೆ ಹಬಲ್‌ಗೆ ಅಂಟಿಕೊಂಡಿತು.

ಈ ಕೆಲಸಕ್ಕೆ ನಾಸಾ ಮೊದಲು ಗುತ್ತಿಗೆ ಕೊಟ್ಟು ಬರೆಸಿದ ತಂತ್ರಾಂಶ ಬಾಲ್ಟಿಮೋರ್ ತಂಡಕ್ಕೆ ತಲೆನೋವಾಯಿತು. ಒಂದು ವಾರದ ವೀಕ್ಷಣೆಗಳನ್ನು ಜೋಡಿಸಲು ಮೂರು ವಾರ ಹಿಡಿಯುವ ಸ್ಥಿತಿ. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ಸತ್ತರು, ಷಟಲ್ ಹಾರಾಟವೆಲ್ಲ ನಿಂತಿತು, ಅದೇ ವರ್ಷ ಹಾರಬೇಕಿದ್ದ ಹಬಲ್ ನೆಲದಲ್ಲೇ ಉಳಿಯಿತು. ಆ ವರ್ಷ ಹಾರಿದ್ದರೆ ಅದನ್ನು ನಡೆಸುವ ತಂತ್ರಾಂಶ ಸಿದ್ಧವೇ ಇರಲಿಲ್ಲ. ಅಂಥ ದುರಂತದಿಂದ ದೊರೆತ ಬಿಡುವನ್ನು ಲಾಭವೆನ್ನಲು ಮನಸ್ಸು ಬರುವುದಿಲ್ಲ, ಆದರೆ ಹಬಲ್‌ನ ನೆಲದ ಕೆಲಸ ಒಂದು ರೂಪಕ್ಕೆ ಬಂದದ್ದು ಆ ನಾಲ್ಕು ವರ್ಷಗಳಲ್ಲಿ.

ಆಗ ಆದ ಕೆಲಸಗಳಲ್ಲಿ ಎರಡನ್ನು ಬಿಡಿಸಿ ನೋಡಬೇಕು.

ಮೊದಲನೆಯದು ನಕ್ಷತ್ರಗಳ ಪಟ್ಟಿ. ಹಬಲ್ ಅಲುಗದೆ ನಿಲ್ಲುವುದು ನೋಟದ ಅಂಚಿನಲ್ಲಿರುವ ಎರಡು ಮಾರ್ಗದರ್ಶಿ ನಕ್ಷತ್ರಗಳ ಮೇಲೆ ಕಣ್ಣಿಟ್ಟು. ಅದಕ್ಕಾಗಿಯೇ ಪ್ರತ್ಯೇಕ ಸಂವೇದಕಗಳಿವೆ, ನಿಖರತೆ 0.007 ಆರ್ಕ್ ಸೆಕೆಂಡ್. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಆರ್ಕ್ ಸೆಕೆಂಡ್. ಅದರ ಸಾವಿರದಲ್ಲಿ ಏಳು ಪಾಲು. ಆಕಾಶದ ಯಾವ ಮೂಲೆಗೆ ತಿರುಗಿದರೂ ಹತ್ತಿರದಲ್ಲೇ ಇಂಥ ನಕ್ಷತ್ರಗಳು ಸಿಗಬೇಕು, ಅವುಗಳ ಸ್ಥಾನ ಕರಾರುವಾಕ್ಕಾಗಿ ಗೊತ್ತಿರಬೇಕು. ಅಂಥ ಪಟ್ಟಿ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಬ್ಯಾರಿ ಲ್ಯಾಸ್ಕರ್ ಎಂಬ ಖಗೋಳ ವಿಜ್ಞಾನಿಯ ಮುಂದಾಳತ್ವದಲ್ಲಿ ಬಾಲ್ಟಿಮೋರ್ ತಂಡ ಅದನ್ನು ಮಾಡಲು ಕೂತಿತು. ಉತ್ತರಾಕಾಶಕ್ಕೆ ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿ ತೆಗೆದ ಗಾಜಿನ ಫಲಕಗಳು, ದಕ್ಷಿಣಾಕಾಶಕ್ಕೆ ಆಸ್ಟ್ರೇಲಿಯಾದಿಂದ ಬಂದವು, ಒಟ್ಟು ಸುಮಾರು 1,500. ಪ್ರತಿಯೊಂದು ಫಲಕವನ್ನೂ ಯಂತ್ರದಲ್ಲಿಟ್ಟು ಬಿಂದು ಬಿಂದುವಾಗಿ ಅಳೆದು ಅಂಕಿಗಳಾಗಿಸಬೇಕು. ಯಾವುದು ನಕ್ಷತ್ರ, ಯಾವುದು ಗೆಲಾಕ್ಸಿ, ಯಾವುದು ಗಾಜಿನ ಮೇಲಿನ ಕಲೆ ಎಂದು ಕಂಪ್ಯೂಟರ್ ಬೇರ್ಪಡಿಸಬೇಕು. 1989ರಲ್ಲಿ ಕೆಲಸ ಮುಗಿದಾಗ ಪಟ್ಟಿಯಲ್ಲಿ ಸುಮಾರು 1.9 ಕೋಟಿ ಕಾಯಗಳಿದ್ದವು, ಅವುಗಳಲ್ಲಿ ಒಂದೂವರೆ ಕೋಟಿ ನಕ್ಷತ್ರಗಳು. ಎರಡು ಸಿ.ಡಿ.ಗಳಲ್ಲಿ ಅದನ್ನು ಎಲ್ಲರಿಗೂ ಸಿಗುವಂತೆ ಮಾಡಿದರು. ಮನೆಯ ತಾರಸಿಯಲ್ಲಿ ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳ ಕಂಪ್ಯೂಟರಿಗೂ ಅದು ಬಂತು. ಒಂದು ಯಂತ್ರವನ್ನು ಅಲುಗದಂತೆ ಹಿಡಿಯಲೆಂದು ಮಾಡಿದ ಪಟ್ಟಿ ಇಡೀ ಜಗತ್ತಿನ ಆಕಾಶನಕ್ಷೆಯಾಯಿತು.

ಎರಡನೆಯದು ಸ್ಪೈಕ್ ಎಂಬ ತಂತ್ರಾಂಶ. ಇದನ್ನು ಕಟ್ಟಿದ ಗುಂಪಿನ ಮುಂದಾಳು ಮಾರ್ಕ್ ಜಾನ್‌ಸ್ಟನ್. ಡಾಕ್ಸಿಯಂತೆ ಅವರೂ ಎಂಐಟಿಯಲ್ಲಿ ಭೌತವಿಜ್ಞಾನ ಓದಿ ಬಂದವರು. ಸಮಸ್ಯೆ ನಮಗೆ ಅಪರಿಚಿತವೇನಲ್ಲ. ಶಾಲೆಯ ಮುಖ್ಯೋಪಾಧ್ಯಾಯರು ಜೂನ್‌ನಲ್ಲಿ ಟೈಮ್‌ಟೇಬಲ್ ಹಾಕುವಾಗ ಗಣಿತದ ಮೇಷ್ಟ್ರು ಏಕಕಾಲಕ್ಕೆ ಎರಡು ತರಗತಿಯಲ್ಲಿ ಇರದಂತೆ, ಆಟದ ಮೈದಾನಕ್ಕೆ ಮೂರು ತರಗತಿ ಒಟ್ಟಿಗೆ ಬರದಂತೆ ನೋಡಿಕೊಳ್ಳುತ್ತಾರೆ. ಒಂದು ಪಿರಿಯಡ್ ಸರಿಸಿದರೆ ಇನ್ನೆಲ್ಲೋ ಗಂಟು ಬೀಳುತ್ತದೆ. ಹಬಲ್‌ಗೆ ವರ್ಷಕ್ಕೆ ಹತ್ತಾರು ಸಾವಿರ ವೀಕ್ಷಣೆಗಳು. ಒಬ್ಬ ವಿಜ್ಞಾನಿಗೆ ಒಂದೇ ನಕ್ಷತ್ರವನ್ನು ಹತ್ತು ದಿನಕ್ಕೊಮ್ಮೆ ನೋಡಬೇಕು. ಇನ್ನೊಬ್ಬರಿಗೆ ದೂರದರ್ಶಕ ಒಂದು ನಿರ್ದಿಷ್ಟ ಕೋನಕ್ಕೆ ಹೊರಳಿದಾಗಲೇ ನೋಡಬೇಕು. ಮತ್ತೊಬ್ಬರಿಗೆ ಭೂಮಿಯ ನೆರಳಿನಲ್ಲಿರುವಾಗ ಮಾತ್ರ. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಯಾವ ಕಂಪ್ಯೂಟರಿಗೂ ಮುಗಿಯುವ ಮಾತಲ್ಲ.

ಜಾನ್‌ಸ್ಟನ್ ಮತ್ತು ಜರ್ಮನಿಯ ಗಾರ್ಶಿಂಗ್‌ನಲ್ಲಿ ಹಬಲ್‌ನ ಯುರೋಪಿಯನ್ ಕಚೇರಿಯಲ್ಲಿದ್ದ ಹಾನ್ಸ್-ಮಾರ್ಟಿನ್ ಅಡಾರ್ಫ್ ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಬಳಸಿ ನೋಡಿದರು. ಇದು 1980ರ ದಶಕದ ಕೊನೆಯ ಮಾತು. ಕೃತಕ ಬುದ್ಧಿಮತ್ತೆ ಇಂದಿನಂತೆ ಬೀದಿ ಬೀದಿಯ ಮಾತಾಗಿರಲಿಲ್ಲ. ಪ್ರಯೋಗ ಅಚ್ಚರಿಯಾಗುವಷ್ಟು ಚೆನ್ನಾಗಿ ಫಲ ಕೊಟ್ಟಿತು. ಏಕೆ ಕೊಟ್ಟಿತು ಎಂಬ ಪ್ರಶ್ನೆಯನ್ನು ನಾಸಾದ ಏಮ್ಸ್ ಕೇಂದ್ರದ ಸ್ಟೀವನ್ ಮಿಂಟನ್ ಎತ್ತಿಕೊಂಡರು. ಅವರೂ ಜಾನ್‌ಸ್ಟನ್ನರೂ ಸಂಗಡಿಗರೂ ಬಿಡಿಸಿ ನೋಡಿದಾಗ ಒಳಗಿದ್ದದ್ದು ಸರಳ ಸೂತ್ರ. ಪರಿಪೂರ್ಣ ಪಟ್ಟಿಯನ್ನು ಮೊದಲಿನಿಂದ ಕಟ್ಟಲು ಹೋಗಬೇಡ. ತಪ್ಪುಗಳಿದ್ದರೂ ಸರಿ, ಇಡೀ ಪಟ್ಟಿಯನ್ನು ಒಮ್ಮೆ ತುಂಬಿಬಿಡು. ಆಮೇಲೆ ತಾಕಲಾಟ ಇರುವ ಒಂದು ವೀಕ್ಷಣೆಯನ್ನು ಎತ್ತಿ, ಅತಿ ಕಡಿಮೆ ತಾಕಲಾಟ ಆಗುವ ಜಾಗಕ್ಕೆ ಸರಿಸು. ಹೀಗೇ ಮಾಡುತ್ತ ಹೋಗು.

ಚದುರಂಗದ ಮಣೆಯ ಮೇಲೆ ರಾಣಿಗಳನ್ನು ಒಂದಕ್ಕೊಂದು ಕಡಿಯದಂತೆ ಇಡುವ ಹಳೆಯ ಲೆಕ್ಕವೊಂದಿದೆ. ಹತ್ತು ಲಕ್ಷ ರಾಣಿಗಳ ಮಣೆಯಲ್ಲೂ ಈ ಸೂತ್ರಕ್ಕೆ, ಆರಂಭದ ಜೋಡಣೆಯ ನಂತರ, ಸರಾಸರಿ 50 ಹೆಜ್ಜೆ ಸಾಕಾದವು. ಹಬಲ್‌ನ ವಾರದ ಪಟ್ಟಿ ಮೂರು ವಾರದಿಂದ ಹತ್ತು ನಿಮಿಷಕ್ಕೆ ಇಳಿಯಿತು. ಕೃತಕ ಬುದ್ಧಿಮತ್ತೆಯ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಇದನ್ನು ಇಂದಿಗೂ ಹಬಲ್ ಹೆಸರು ಹೇಳಿಯೇ ಕಲಿಸುತ್ತಾರೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೇ ಪುಸ್ತಕ ಓದುವ ಮಕ್ಕಳಿಗೆ, ಈ ಸೂತ್ರ ಹುಟ್ಟಿದ್ದು ನಕ್ಷತ್ರ ನೋಡುವವರ ದಿನನಿತ್ಯದ ತೊಂದರೆಯಿಂದ ಎಂದು ಯಾರಾದರೂ ಹೇಳಿದರೆ ಚೆನ್ನ.

1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆ ಹಬಲ್ ಅನ್ನು ಹೊತ್ತೊಯ್ದಿತು. ಎರಡು ತಿಂಗಳಲ್ಲಿ ಕೆಟ್ಟ ಸುದ್ದಿ. 2.4 ಮೀಟರ್ ಕನ್ನಡಿಯ ಅಂಚು ಬೇಕಾದ್ದಕ್ಕಿಂತ ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿತ್ತು. ಉಜ್ಜುವಾಗ ಅಳತೆಗೆ ಬಳಸಿದ ಉಪಕರಣದೊಳಗೆ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತದ್ದೇ ಕಾರಣ. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು: ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ದಾಟುವಾಗಲೆಲ್ಲ ಸೌರಫಲಕಗಳು ಕಾದು, ತಣಿದು, ನಡುಗಿ ಇಡೀ ದೂರದರ್ಶಕವನ್ನೇ ಕದಲಿಸುತ್ತಿದ್ದವು. ಪ್ರತಿ ಸುತ್ತಿನಲ್ಲಿ ಎರಡು ಬಾರಿ. ಹಿಡಿದ ಮಾರ್ಗದರ್ಶಿ ನಕ್ಷತ್ರ ಕೈತಪ್ಪಿದರೆ ಆ ವೀಕ್ಷಣೆ ಹೋಯಿತು. ಪತ್ರಿಕೆಗಳು ನಗುತ್ತಿದ್ದ ಆ ಮೂರೂವರೆ ವರ್ಷ, ಇದ್ದ ಕಣ್ಣಿನಲ್ಲೇ ಕಾಣಬಹುದಾದ್ದನ್ನೆಲ್ಲ ಕಾಣುವಂತೆ ಕೆಲಸ ನಡೆಸಿದವರು ಬಾಲ್ಟಿಮೋರ್ ಮತ್ತು ಗ್ರೀನ್‌ಬೆಲ್ಟ್‌ನ ಈ ಜನ. ಮಸುಕಾದ ಚಿತ್ರದಿಂದ ಮಸುಕನ್ನು ಗಣಿತದಿಂದ ಕಳೆಯುವ ವಿಧಾನಗಳು ಆಗ ಬಿರುಸಿನಿಂದ ಬೆಳೆದವು. 1970ರ ದಶಕದಲ್ಲಿ ರಿಚರ್ಡ್‌ಸನ್ ಮತ್ತು ಲೂಸಿ ಬೇರೆ ಬೇರೆಯಾಗಿ ಕಂಡುಕೊಂಡಿದ್ದ ಸೂತ್ರ ಹಬಲ್‌ನಿಂದಾಗಿ ಹೆಸರುವಾಸಿಯಾಯಿತು.

1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಕಣ್ಣು ಸರಿಮಾಡಿದರು. ಹೊಸ ಕ್ಯಾಮೆರಾ ಕೂರಿಸಿದವರಲ್ಲಿ ಜೆಫ್ರಿ ಹಾಫ್‌ಮನ್ ಇದ್ದರು. ಸ್ಯಾಸ್-3ರ ಕಾಲದಲ್ಲಿ ಒಂದೇ ಗುಂಪಿನಲ್ಲಿ ಸಿಡಿಯುವ ಕ್ಷ-ಕಿರಣ ಮೂಲಗಳನ್ನು ಹುಡುಕಿದ್ದ ಇಬ್ಬರಲ್ಲಿ ಒಬ್ಬರು ಹಬಲ್ ಪಕ್ಕದಲ್ಲಿ ತೇಲುತ್ತ ಕೆಲಸ ಮಾಡಿದರು, ಇನ್ನೊಬ್ಬರು ಅದು ಎದ್ದ ಮೇಲೆ ಏನು ನೋಡಬೇಕೆಂದು ನೆಲದಲ್ಲಿ ಗೊತ್ತು ಮಾಡುತ್ತಿದ್ದರು.

ಡಾಕ್ಸಿಯವರ ಕೊಡುಗೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸ್ನ್ಯಾಪ್‌ಶಾಟ್ ಯೋಜನೆ. ಎಷ್ಟೇ ಬಿಗಿಯಾಗಿ ಜೋಡಿಸಿದರೂ ಪಟ್ಟಿಯಲ್ಲಿ ಅಲ್ಲಲ್ಲಿ ಸಂದು ಉಳಿಯುತ್ತದೆ. ಇಲ್ಲೊಂದು ಇಪ್ಪತ್ತು ನಿಮಿಷ, ಅಲ್ಲೊಂದು ಅರ್ಧ ಗಂಟೆ. ದೊಡ್ಡ ವೀಕ್ಷಣೆ ಅದರಲ್ಲಿ ಹಿಡಿಯುವುದಿಲ್ಲ. ಆ ಹೊತ್ತು ಸುಮ್ಮನೆ ಪೋಲಾಗುತ್ತಿತ್ತು. ಆಕಾಶದ ತುಂಬ ಹರಡಿರುವ ನೂರಾರು ಗುರಿಗಳ ಪಟ್ಟಿ ಮೊದಲೇ ಇಟ್ಟುಕೊಂಡು, ಸಂದು ಸಿಕ್ಕ ಕಡೆ ಹತ್ತಿರದಲ್ಲಿರುವ ಯಾವುದಾದರೂ ಒಂದನ್ನು ಚುಟುಕಾಗಿ ನೋಡಿಬಿಟ್ಟರೆ? 1970ರ ದಶಕದಲ್ಲಿ ಲೈಮನ್ ಸ್ಪಿಟ್ಜರ್ ಜೊತೆ ಓಡಾಡಿ ಅಮೆರಿಕದ ಸಂಸತ್ತಿನಿಂದ ಹಬಲ್‌ಗೆ ಹಣ ದೊರಕಿಸಿದ್ದ ಜಾನ್ ಬಾಕಾಲ್ ಮತ್ತು ಡಾಕ್ಸಿ ಇದ್ದ ತಂಡ ಮೊದಲಿಗೇ ಇದನ್ನು ಕ್ವೇಸಾರ್‌ ಎಂಬ ಅತಿ ದೂರದ ಹೊಳೆಯುವ ಕಾಯಗಳ ಮೇಲೆ ಪ್ರಯೋಗಿಸಿತು. ನಡುವಿನ ಗೆಲಾಕ್ಸಿಯ ಗುರುತ್ವ ಬೆಳಕನ್ನು ಬಗ್ಗಿಸಿ ಒಂದು ಕ್ವೇಸಾರ್ ಎರಡಾಗಿ, ನಾಲ್ಕಾಗಿ ಕಾಣುವುದುಂಟು; ಅಂಥವು ಎಷ್ಟಿವೆ ಎಂದು ಹುಡುಕುವುದು ಉದ್ದೇಶ. ಮಾರ್ಗದರ್ಶಿ ನಕ್ಷತ್ರ ಹಿಡಿಯುವಷ್ಟೂ ಪುರುಸೊತ್ತಿಲ್ಲವೆಂದು, ದೂರದರ್ಶಕದ ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್‌ಗಳನ್ನೇ ನಂಬಿ ಚಿತ್ರ ತೆಗೆದರು. ಸುಮಾರು 500 ಕ್ವೇಸಾರ್‌ಗಳನ್ನು ನೋಡಿಯಾಯಿತು, ಅದೂ ಕನ್ನಡಿಯ ದೋಷ ಇರುವಾಗಲೇ. ಸ್ನ್ಯಾಪ್‌ಶಾಟ್ ಇಂದು ಹಬಲ್‌ನ ಕಾಯಂ ವರ್ಗ. ಪ್ರತಿ ಸುತ್ತಿನ ಅರ್ಜಿಯಲ್ಲೂ ಅದಕ್ಕೆ ಜಾಗವಿದೆ. ಬೇರೆಯವರ ಪಟ್ಟಿ ಹಾಕುತ್ತ ಹಾಕುತ್ತ ಅದರ ಬಿರುಕಿನಲ್ಲಿ ಹೊಸ ಬಗೆಯ ವಿಜ್ಞಾನವನ್ನು ಕಾಣಲು, ಪಟ್ಟಿಯನ್ನು ದಿನವೂ ಕೈಯಲ್ಲಿ ಹಿಡಿದವರಿಗಷ್ಟೇ ಸಾಧ್ಯ.

ವೇಳಾಪಟ್ಟಿಯ ಜ್ಞಾನವೇ ಹಬಲ್‌ನ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಕ್ಕೂ ಜಾಗ ಆರಿಸಿತು. 1995ರ ಡಿಸೆಂಬರ್‌ನಲ್ಲಿ ಆಗಿನ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟಿದ್ದ ಸಮಯವನ್ನು ಸಪ್ತರ್ಷಿ ಮಂಡಲದ ಬಳಿಯ ಒಂದು ಖಾಲಿ ಚುಕ್ಕಿಗೆ ಸುರಿದರು: ಹತ್ತು ದಿನ, 150 ಸುತ್ತು, 342 ಚಿತ್ರಗಳು. ಅಲ್ಲೇ ಏಕೆ? ಹೊಳೆಯುವ ನಕ್ಷತ್ರಗಳಿಲ್ಲದ, ಧೂಳಿಲ್ಲದ ಜಾಗ ಎಂಬುದು ಒಂದು ಕಾರಣ. ಇನ್ನೊಂದು, ಹಬಲ್‌ನ ಕಕ್ಷೆಯ ನೆತ್ತಿಯ ಕಡೆಗಿರುವ ಆ ಭಾಗವನ್ನು ಕೆಲ ದಿನಗಳ ಕಾಲ ಭೂಮಿ ಮರೆಮಾಡುವುದೇ ಇಲ್ಲ. ಅರ್ಧ ಹೊತ್ತು ಕಳೆದುಕೊಳ್ಳುವ ದೂರದರ್ಶಕಕ್ಕೆ ಪೂರ್ತಿ ಹೊತ್ತು ಸಿಗುತ್ತದೆ. ಏನೂ ಇಲ್ಲವೆಂದುಕೊಂಡ ಚುಕ್ಕಿಯಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ಆ ನೂರಾರು ಚಿತ್ರಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ತೆಗೆದು, ಮತ್ತೆ ಒಂದಾಗಿ ಹೆಣೆಯಲು ಆಂಡ್ರ್ಯೂ ಫ್ರೂಕ್ಟರ್, ರಿಚರ್ಡ್ ಹುಕ್ ಬರೆದ ಡ್ರಿಜಲ್ ಎಂಬ ವಿಧಾನ ಈಗ ಹವ್ಯಾಸಿ ಆಕಾಶ ಛಾಯಾಗ್ರಾಹಕರ ತಂತ್ರಾಂಶದಲ್ಲೂ ಇದೆ.

ಹಾಕಿದ ಪಟ್ಟಿಯನ್ನು ಹರಿದು ಹಾಕುವ ಧೈರ್ಯವೂ ಇರಬೇಕು. ಗಾಮಾ ಕಿರಣ ಸ್ಫೋಟಗಳು ಹೇಳಿ ಕೇಳಿ ಬರುವುದಿಲ್ಲ. 1999ರ ಜನವರಿ 23ರಂದು ಸಿಡಿದ ಭಾರಿ ಸ್ಫೋಟದ ಬಗ್ಗೆ ಪ್ರಬಂಧ ಬರೆದ ತಂಡದ ಮುಂದಾಳು ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ. ಅದರ ಕರಗುತ್ತಿದ್ದ ಬೆಳಕನ್ನೂ ಅದು ಸಿಡಿದ ಗೆಲಾಕ್ಸಿಯನ್ನೂ ಫೆಬ್ರವರಿ ಎರಡನೆಯ ವಾರದಲ್ಲಿ ಹಬಲ್ ನೋಡಿತು. ಎರಡೇ ವಾರದಲ್ಲಿ ಅಷ್ಟು ದೊಡ್ಡ ಯಂತ್ರದ ದಿನಚರಿಯಲ್ಲಿ ಹೊಸ ಗುರಿಗೆ ಜಾಗ ಮಾಡುವುದರ ಹಿಂದಿನ ಶ್ರಮವನ್ನು ಪ್ರಬಂಧ ಹೇಳುವುದಿಲ್ಲ.

ಬಾಲ್ಟಿಮೋರ್‌ನ ಕಂಪ್ಯೂಟರ್ ಕೆಲಸ ಇನ್ನೊಂದು ದಿಕ್ಕಿಗೂ ಹರಿಯಿತು. ಬಂದ ದತ್ತಾಂಶವನ್ನು ಶುದ್ಧಗೊಳಿಸಿ, ಕಾಪಿಟ್ಟು, ಕಾಲಕ್ರಮದಲ್ಲಿ ಎಲ್ಲರಿಗೂ ಬಿಟ್ಟುಕೊಡುವ ಭಂಡಾರ ಬೆಳೆಯಿತು. ಅದನ್ನು ಬಳಸಲು ಸುಲಭದ ಭಾಷೆ ಬೇಕಾಗಿ ಪೆರಿ ಗ್ರೀನ್‌ಫೀಲ್ಡ್ ಮತ್ತು ಸಂಗಡಿಗರು ಪೈಥಾನ್ ಆರಿಸಿಕೊಂಡರು. ದೊಡ್ಡ ಚಿತ್ರಗಳ ಅಂಕಿಗಳನ್ನು ನಿಭಾಯಿಸಲು ನಮ್‌ಅರೇ ಎಂಬ ಗ್ರಂಥಾಲಯ ಬರೆದರು. ಟ್ರಾವಿಸ್ ಆಲಿಫಾಂಟ್ ಇದನ್ನೂ ಹಿಂದಿನ ಇನ್ನೊಂದನ್ನೂ ಕೂಡಿಸಿ ಮಾಡಿದ್ದೇ ಇಂದು ದತ್ತಾಂಶದ ಕೆಲಸ ಮಾಡುವ ಪ್ರತಿಯೊಬ್ಬರೂ ಬಳಸುವ ನಮ್‌ಪೈ. ವೈಟ್‌ಫೀಲ್ಡ್‌ನ ಐಟಿ ಕಚೇರಿಯಲ್ಲಿ ಕೂತು ಬ್ಯಾಂಕಿನ ಲೆಕ್ಕ ಮಾಡುವ ಹುಡುಗಿಯ ಕೈಯಲ್ಲೂ ಹಬಲ್‌ನ ಮನೆಯಲ್ಲಿ ತಯಾರಾದ ಸಾಮಾನಿದೆ.

ಯಂತ್ರಕ್ಕೆ ವಯಸ್ಸಾದಂತೆ ಡಾಕ್ಸಿಯವರ ಹೊಣೆ ಭಾರವಾಗುತ್ತ ಹೋಯಿತು. ಹಬಲ್‌ನಲ್ಲಿ ಆರು ಗೈರೋಸ್ಕೋಪ್‌ಗಳಿವೆ, ಕೆಲಸಕ್ಕೆ ಆಗ ಮೂರು ಬೇಕಿತ್ತು. ಪ್ರತಿಯೊಂದರಲ್ಲೂ ನಿಮಿಷಕ್ಕೆ 19,200 ಸುತ್ತು ತಿರುಗುವ ಚಕ್ರ, ಅದನ್ನು ಮುಚ್ಚಿದ ಉರುಳೆ, ಉರುಳೆಯ ಸುತ್ತ ಮಂದವಾದ ದ್ರವ, ದ್ರವದ ಮೂಲಕ ಹಾಯುವ ಕೂದಲಿಗಿಂತ ತೆಳ್ಳಗಿನ ತಂತಿಗಳು. ಕಾಲಾಂತರದಲ್ಲಿ ಆ ತಂತಿ ಸವೆದು ತುಂಡಾಗುತ್ತದೆ. 1999ರ ನವೆಂಬರ್ 13ರಂದು ನಾಲ್ಕನೆಯ ಗೈರೋಸ್ಕೋಪ್ ಕೆಟ್ಟಾಗ ಹಬಲ್ ಕೆಲಸ ನಿಲ್ಲಿಸಿ ಸೇಫ್ ಮೋಡ್‌ಗೆ ಹೋಯಿತು. ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಆರನ್ನೂ ಬದಲಿಸಿ ಹಳೆಯ ಕಂಪ್ಯೂಟರ್ ತೆಗೆದು 25 ಮೆಗಾಹರ್ಟ್ಸ್‌ನ ಇಂಟೆಲ್ 486 ಹಾಕಿ ಬಂದರು. ಆ ವೇಳೆಗಾಗಲೇ ಮನೆಗಳ ಮೇಜಿನ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ವೇಗದ ಯಂತ್ರಗಳಿದ್ದವು. ಕಣಗಳ ಹೊಡೆತ ತಡೆದು ಬಾಳುವುದು ಹಬಲ್‌ಗೆ ಮುಖ್ಯವಾಗಿತ್ತು.

2003ರಲ್ಲಿ ಕೊಲಂಬಿಯಾ ನೌಕೆ ಕಲ್ಪನಾ ಚಾವ್ಲಾ ಸಹಿತ ಏಳು ಜನರೊಂದಿಗೆ ಉರಿದುಹೋಯಿತು. 2004ರ ಜನವರಿಯಲ್ಲಿ ನಾಸಾ, ಹಬಲ್‌ಗೆ ಇನ್ನು ದುರಸ್ತಿ ಯಾತ್ರೆ ಇಲ್ಲ ಎಂದು ಘೋಷಿಸಿತು. ಅಂದರೆ ಗೈರೋಸ್ಕೋಪ್‌ಗಳು ಒಂದೊಂದಾಗಿ ಕೆಟ್ಟ ದಿನ ಹಬಲ್‌ನ ಕೆಲಸ ಮುಗಿದಂತೆ. ಆಗ ಎಂಜಿನಿಯರುಗಳೂ ವಿಜ್ಞಾನಿಗಳೂ ಕೂತು ಮೂರರ ಬದಲು ಎರಡರಲ್ಲಿ, ಕೊನೆಗೆ ಒಂದರಲ್ಲೂ ದೂರದರ್ಶಕವನ್ನು ನಡೆಸುವ ದಾರಿ ಹುಡುಕಿದರು. ಇಲ್ಲದ ಗೈರೋಸ್ಕೋಪ್‌ನ ಕೆಲಸವನ್ನು ಹಂತ ಹಂತವಾಗಿ ಕಾಂತಮಾಪಕ, ನಕ್ಷತ್ರ ಗುರುತಿಸುವ ಕ್ಯಾಮೆರಾ, ಕೊನೆಗೆ ಮಾರ್ಗದರ್ಶಿ ಸಂವೇದಕಕ್ಕೆ ಹಂಚಬೇಕು. ಇದರಿಂದ ಒಂದು ಹೊತ್ತಿನಲ್ಲಿ ನೋಡಬಹುದಾದ ಆಕಾಶದ ಪಾಲು ಕುಗ್ಗುತ್ತದೆ. ಹಾಗಾಗಿ ಇಡೀ ವರ್ಷದ ಯೋಜನೆಯನ್ನೇ ಹೊಸದಾಗಿ ಹೆಣೆಯಬೇಕು. 2005ರ ಆಗಸ್ಟ್‌ನಲ್ಲಿ, ಚೆನ್ನಾಗಿದ್ದ ಮೂರನೆಯದನ್ನು ಬೇಕೆಂದೇ ನಿಲ್ಲಿಸಿ, ಎರಡರಲ್ಲೇ ನಡೆಸಲು ಶುರುಮಾಡಿದರು. ಉಳಿಸಿದ ಪ್ರತಿ ತಿಂಗಳೂ ಲಾಭವೇ ಆಗಿತ್ತು.

2004ರಲ್ಲೇ ಅಮೆರಿಕದ ಖಗೋಳ ವಿಜ್ಞಾನಿಗಳ ಸಂಘ ಡಾಕ್ಸಿಯವರಿಗೆ ವಾನ್ ಬಿಸ್‌ಬ್ರೂಕ್ ಪ್ರಶಸ್ತಿ ಕೊಟ್ಟಿತು. ಸ್ವಂತ ಲಾಭ ನೋಡದೆ ದೀರ್ಘಕಾಲ ಖಗೋಳ ವಿಜ್ಞಾನಕ್ಕೆ ದುಡಿದವರಿಗೆಂದೇ ಮೀಸಲಾದ ಪ್ರಶಸ್ತಿ ಅದು. ವಿಶ್ವವಿದ್ಯಾಲಯಗಳು ಇಂದಿಗೂ ವಿಜ್ಞಾನಿಯನ್ನು ತೂಗುವುದು ಪ್ರಬಂಧಗಳ ಎಣಿಕೆಯಿಂದ. ಆ ತಕ್ಕಡಿಯಲ್ಲಿ ಇಂಥವರ ದುಡಿಮೆಗೆ ತೂಕವೇ ಬರುವುದಿಲ್ಲ. ಹಬಲ್ ದತ್ತಾಂಶದಿಂದ ಬಂದ ಸಾವಿರಾರು ಪ್ರಬಂಧಗಳ ಪೈಕಿ ಹೆಚ್ಚಿನವುಗಳಲ್ಲಿ ಅವರ ಹೆಸರಿಲ್ಲ, ದುಡಿಮೆ ಮಾತ್ರ ಎಲ್ಲದರಲ್ಲೂ ಇದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ದುರಸ್ತಿ ಯಾತ್ರೆಗೆ 2006ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. 2008ರ ಸೆಪ್ಟೆಂಬರ್ ಕೊನೆಯಲ್ಲಿ, ಯಾತ್ರೆಗೆ ಕೆಲವೇ ವಾರ ಉಳಿದಿರುವಾಗ, ದತ್ತಾಂಶವನ್ನು ಭೂಮಿಗೆ ಕಳಿಸುವ ಘಟಕದ ಒಂದು ಬದಿ ಕೆಟ್ಟಿತು. 18 ವರ್ಷ ಮುಟ್ಟದೆ ಇಟ್ಟಿದ್ದ ಇನ್ನೊಂದು ಬದಿಗೆ ಬದಲಾಯಿಸಿ ಕೆಲಸ ಮುಂದುವರಿಸಿದರು. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಹೋದವರು ಐದು ಬಾಹ್ಯಾಕಾಶ ನಡಿಗೆಗಳಲ್ಲಿ ಎರಡು ಹೊಸ ಉಪಕರಣ ಕೂರಿಸಿದರು, ಕೆಟ್ಟ ಎರಡನ್ನು ದುರಸ್ತಿ ಮಾಡಿದರು, ಗೈರೋಸ್ಕೋಪ್‌ಗಳನ್ನೆಲ್ಲ ಬದಲಿಸಿದರು. ಸೆಪ್ಟೆಂಬರ್‌ನಲ್ಲಿ ಹೊಸ ಕಣ್ಣಿನ ಮೊದಲ ಚಿತ್ರಗಳು ಹೊರಬಂದವು. ಅಕ್ಟೋಬರ್ 13ರಂದು ಡಾಕ್ಸಿ ತೀರಿಕೊಂಡರು. ಅವರಿಗೆ 62 ವರ್ಷ.

ನಮ್ಮ ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ನಿಯಂತ್ರಣ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಲ್ಲಿದೆ, ಅದರ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದೂ ಕೆಳಕಕ್ಷೆಯದೇ, 650 ಕಿಲೋಮೀಟರ್. ದಕ್ಷಿಣ ಅಟ್ಲಾಂಟಿಕ್‌ನ ಆ ಕಾಟವನ್ನು ಕಡಿಮೆ ಮಾಡಿಕೊಳ್ಳಲೆಂದೇ ಭೂಮಧ್ಯರೇಖೆಗೆ ಬರಿ 6 ಡಿಗ್ರಿ ಓರೆಯಲ್ಲಿ ಕಕ್ಷೆ ಆರಿಸಿದರು. ಇಲ್ಲೂ ವಿಜ್ಞಾನಿಗಳು ಅರ್ಜಿ ಹಾಕುತ್ತಾರೆ, ಸಮಿತಿ ಆರಿಸುತ್ತದೆ, ಯಾರೋ ಕೂತು ಪಟ್ಟಿ ಜೋಡಿಸುತ್ತಾರೆ.

2021ರಲ್ಲಿ ಹೋದ ವೆಬ್ ದೂರದರ್ಶಕದ ಕಕ್ಷೆ 15 ಲಕ್ಷ ಕಿಲೋಮೀಟರ್ ಆಚೆ. ಅಲ್ಲಿ ಭೂಮಿ ಅಡ್ಡ ಬರುವುದಿಲ್ಲ. ಹಾಗಾಗಿ ಸೆಕೆಂಡಿನ ಲೆಕ್ಕ ಬಿಟ್ಟು, ಒಂದು ಕೆಲಸ ಮುಗಿದರೆ ಮುಂದಿನದಕ್ಕೆ ತಾನೇ ಹೋಗುವಂತೆ ಅದಕ್ಕೆ ಸ್ಕ್ರಿಪ್ಟ್‌ಗಳನ್ನು ಬರೆದಿದ್ದಾರೆ. ಅವು ಜಾವಾಸ್ಕ್ರಿಪ್ಟ್‌ನಲ್ಲಿವೆ, ವೆಬ್‌ಸೈಟ್ ಮಾಡುವವರು ಬಳಸುವ ಅದೇ ಭಾಷೆ. ವರ್ಷದ ಯೋಜನೆ ಹಾಕುವುದು ಮಾತ್ರ ಇಂದಿಗೂ ಸ್ಪೈಕ್.

ಹಬಲ್ ಇನ್ನೂ ಕೆಲಸದಲ್ಲಿದೆ. 2009ರಲ್ಲಿ ಹಾಕಿದ ಆರು ಗೈರೋಸ್ಕೋಪ್‌ಗಳಲ್ಲಿ ಮೂರು ಕೆಟ್ಟು, ನಾಲ್ಕನೆಯದು ತಪ್ಪು ಲೆಕ್ಕ ಕೊಡತೊಡಗಿದ ಮೇಲೆ 2024ರ ಜೂನ್‌ನಲ್ಲಿ ನಾಸಾ ಅದನ್ನು ಒಂದೇ ಗೈರೋಸ್ಕೋಪ್‌ನಲ್ಲಿ ನಡೆಸಲು ತೀರ್ಮಾನಿಸಿತು. ಇನ್ನೊಂದನ್ನು ಆಪತ್ಕಾಲಕ್ಕೆಂದು ನಿಲ್ಲಿಸಿ ಇಟ್ಟಿದ್ದಾರೆ. ಹೊಸ ಗುರಿಗೆ ತಿರುಗಿ ನೆಲೆನಿಲ್ಲಲು ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಮಂಗಳನ ಕಕ್ಷೆಗಿಂತ ಹತ್ತಿರ ಬರುವ, ವೇಗವಾಗಿ ಚಲಿಸುವ ಕಾಯಗಳನ್ನು ಹಿಂಬಾಲಿಸಲು ಆಗದು. ಉಳಿದ ಬಹುಪಾಲು ವಿಜ್ಞಾನ ನಡೆಯುತ್ತಿದೆ. ಈ ಏಕ ಗೈರೋಸ್ಕೋಪ್ ವಿಧಾನವನ್ನು ರೂಪಿಸಿದ್ದು ಇಪ್ಪತ್ತು ವರ್ಷಕ್ಕೂ ಹಿಂದೆ, ಡಾಕ್ಸಿ ಬಾಲ್ಟಿಮೋರ್‌ನಲ್ಲಿ ಹಬಲ್ ಕಚೇರಿಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ.